ಅದು ಸತ್ಯವೇದ ಅಲ್ಲ ಅಂದ್ರೆ ಮತ್ತೇನು?

ಶುಕ್ರವಾರದ ಮನೆ ಪ್ರಾರ್ಥನೆಯಿಂದ ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

23ನೇ ಕೀರ್ತನೆ ಓದೋಕೆ ಪಿಯುಸಿ ಹುಡುಗಿಯೊಬ್ಬಳನ್ನು ಎಬ್ಬಿಸಿದರು. ಅವಳು ಮೊಬೈಲ್‌ನಲ್ಲಿ ಬೈಬಲ್‌ನ ಹೊಸ ಕನ್ನಡ ಅನುವಾದ ತೆರೆದು ಚೆನ್ನಾಗಿಯೇ ಓದುತ್ತಿದ್ದಳು. ಎರಡು ವಚನ ಆಗಿತ್ತೋ ಇಲ್ಲವೋ, ಹಿರಿಯರೊಬ್ಬರು ಕೈ ಎತ್ತಿದರು. "ನಿಲ್ಸಮ್ಮಾ. ಅದು ಸತ್ಯವೇದ ಅಲ್ಲ." ತಮ್ಮ ಕಪ್ಪು ರಟ್ಟಿನ ಸತ್ಯವೇದ, ಅಂದ್ರೆ ಹಳೇ ಅನುವಾದದ ಬೈಬಲ್, ಅವಳ ಕೈಗಿಟ್ಟರು. "ಕೊರತೆಪಡೆನು" (ನನಗೆ ಏನೂ ಕೊರತೆಯಾಗದು) ಅನ್ನೋ ಕಡೆ ಅವಳು ತಡವರಿಸಿದಳು. ಕಿವಿ ಕೆಂಪಾಯಿತು. ಮುಗಿಸಿ ಕೂತವಳು ಆಮೇಲೆ ತಲೆ ಎತ್ತಲಿಲ್ಲ.

ಅದು ಸತ್ಯವೇದ ಅಲ್ಲ ಅಂದ್ರೆ ಮತ್ತೇನು?

ಬೈಬಲ್‌ನ ಮೋಶೆಯೂ ಪೌಲನೂ ಕನ್ನಡದಲ್ಲಿ ಬರೆದವರಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಮಿಶನರಿ ಜಾನ್ ಹ್ಯಾಂಡ್ಸ್ ನಮ್ಮ ಭಾಷೆ ಕಲಿತು ಅನುವಾದಕ್ಕೆ ಕೂತರು. ಇಡೀ ಬೈಬಲ್ ಕನ್ನಡಕ್ಕೆ ಬಂದು ಮುಗಿದದ್ದು 1831ರಲ್ಲಿ. ಅದು ಸಾಲದು ಅಂತ ಬಾಸೆಲ್ ಮಿಶನ್ನಿನ ವೈಗ್ಲೆ ಮತ್ತೆ ತಿದ್ದೋಕೆ ಕೈ ಹಾಕಿದರು. 1855ರಲ್ಲಿ ಅವರು ತೀರಿಹೋದರೂ ತಿದ್ದುವ ಕೆಲಸ ನಿಲ್ಲಲಿಲ್ಲ. ನಾವು ಹಳೆಯದು ಅಂತ ಎದೆಗೆ ಒತ್ತಿಕೊಳ್ಳೋದೂ ಒಂದು ಕಾಲಕ್ಕೆ ಹೊಸದೇ ಆಗಿತ್ತು, ಅಲ್ವಾ?

"ಯೆಹೋವ ಅನ್ನೋ ಹೆಸರನ್ನೇ ತೆಗೆದು ಸರ್ವೇಶ್ವರ ಅಂತ ಹಾಕಿದ್ದಾರೆ" ಅಂತ ಚಹಾ ಕುಡಿಯುವಾಗ ಇನ್ನೊಬ್ಬರು ಸೇರಿಸಿದರು. ಯೆಹೂದ್ಯರೇ ದೇವರ ಆ ಹೆಸರು ಬಂದ ಕಡೆ ಸಾಮಾನ್ಯವಾಗಿ ಅದನ್ನು ಉಚ್ಚರಿಸದೆ "ಒಡೆಯ" ಅನ್ನೋ ಅರ್ಥದ ಮಾತನ್ನೇ ಓದುತ್ತಾರೆ. ಯೇಸುವಿನ ಸಂದೇಶ ಸಾರಿದ ಅಪೊಸ್ತಲರು ಹಳೇ ಒಡಂಬಡಿಕೆಯ (ಬೈಬಲ್‌ನ ಹೀಬ್ರೂ ಭಾಗದ) ಮಾತು ಎತ್ತಿ ಹೇಳುವಾಗ ಹೆಚ್ಚಾಗಿ ಬಳಸಿದ್ದೂ ಗ್ರೀಕ್ ಅನುವಾದವನ್ನೇ. ಅನುವಾದ ಅವರಿಗೆ ಸಾಕಾಗಿತ್ತು, ನಮಗೆ ಸಾಲದೇ?

ಈ ಜಗಳ ಇವತ್ತಿನದಲ್ಲ. 403ರ ಸುಮಾರಿಗೆ ಈಗಿನ ಲಿಬಿಯಾದ ಟ್ರಿಪೋಲಿಯಲ್ಲಿ ಬಿಷಪರೊಬ್ಬರು ಪಂಡಿತ ಜೆರೋಮನ ಹೊಸ ಲ್ಯಾಟಿನ್ ಅನುವಾದ ಓದಿಸಿದರು. ಬೈಬಲ್‌ನ ಪ್ರವಾದಿ ಯೋನನಿಗೆ ನೆರಳು ಕೊಟ್ಟ ಗಿಡ ಜನಕ್ಕೆ ಸೋರೆ ಅಂತ ಬಾಯಿಪಾಠ. ಜೆರೋಮ ಅದನ್ನು ಬೇರೆ ಬಳ್ಳಿ ಮಾಡಿದ್ದ. ಸಭೆಯಲ್ಲಿ ಗಲಾಟೆ ಎದ್ದು, ಬಿಷಪರು ಕೊನೆಗೆ ಹಳೇ ಪದಕ್ಕೇ ಮರಳಬೇಕಾಯಿತು. ಇನ್ನೊಬ್ಬ ಬಿಷಪ್ ಆಗಸ್ಟೀನನೇ ಈ ಸಂಗತಿ ಜೆರೋಮನಿಗೆ ಕಾಗದ ಬರೆದು ತಿಳಿಸಿದ. ಈಗ ಅನೇಕ ಪಂಡಿತರು ಅದು ಹರಳು ಗಿಡ ಇರಬೇಕು ಅನ್ನುತ್ತಾರೆ. ನಾವು ಎಣ್ಣೆ ತೆಗೆಯೋ ಅದೇ ಹರಳು. ಗಿಡ ಯಾವುದಾದರೂ ಇರಲಿ, ಯೋನನಿಗೆ ನೆರಳು ಸಿಕ್ಕಿತಲ್ಲ.

ಹಳೇ ಮಾತಿನ ಸವಿ ನನಗೆ ಗೊತ್ತಿಲ್ಲ ಅಂತಲ್ಲ. ಅಮ್ಮ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿದ್ದಾಗ ನಾನು ಹೊಸ ಅನುವಾದದಿಂದ ಇದೇ ಕೀರ್ತನೆ ಓದಿದ್ದೆ. ಅಮ್ಮ ಕಣ್ಣು ಮುಚ್ಚಿಕೊಂಡೇ "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅಂತ ತನ್ನದನ್ನು ಹೇಳುತ್ತಾ ಹೋದಳು. ನಾನು ಓದೋದು ನಿಲ್ಲಿಸಿದೆ. "ನೀನೂ ಓದೇ, ನಾನೂ ಹೇಳ್ಕೋತೀನಿ" ಅಂದಳು. ಅವಳಿಗೆ ನನ್ನ ಪುಸ್ತಕ ಅಡ್ಡ ಬರಲಿಲ್ಲ.

ಎಲ್ಲ ಹೊಸ ಅನುವಾದವೂ ಒಳ್ಳೆಯದಲ್ಲ, ಅವಸರದಲ್ಲಿ ಮಾಡಿದವೂ ಇವೆ ಅಂತೀರಾ? ಸರಿ, ಆ ತಪ್ಪು ತೋರಿಸಿ, ಕೂತು ಮಾತಾಡೋಣ. ದೇವರ ಮಾತು ಓದುತ್ತಿದ್ದ ಮಗುವಿನ ಬಾಯಿ ಮುಚ್ಚಿಸೋದಕ್ಕೆ ಅದು ನೆಪ ಆಗಬಾರದು.

ನನ್ನ ತಪ್ಪೂ ಇದೆ. ಅವಳ ಕಿವಿ ಕೆಂಪಾಗಿದ್ದು ನೋಡಿಯೂ ನಾನು ಸುಮ್ನೆ ಕೂತಿದ್ದೆ. ಹಿರಿಯರ ಎದುರು ಮಾತು ಬರಲಿಲ್ಲ.

ಮುಂದಿನ ಶುಕ್ರವಾರ ನಮ್ಮ ಮನೆಯಲ್ಲಿ ಕೂಟ. ಯೋನ 4ನೇ ಅಧ್ಯಾಯ ನೀನೇ ಓದಬೇಕು ಅಂತ ಅವಳಿಗೆ ಮೆಸೇಜ್ ಹಾಕಿದೆ. "ಮೊಬೈಲ್ ತರಬಹುದಾ ಆಂಟಿ?" ಅಂತ ಕೇಳಿದಳು. ತಗೊಂಡೇ ಬಾ ಅಂದಿದ್ದೀನಿ.