ಬೊಡೋನಿಗೆ ಬೈಯುವ ಮುಂಚೆ

ದಪ್ಪ ಕಂಬ, ಕೂದಲೆಳೆ ಗೆರೆಗಳ ಇಂಗ್ಲಿಷ್ ಅಕ್ಷರವಿನ್ಯಾಸ ಬೊಡೋನಿ. ಅದು ಬರೀ ಶೋಕಿ ಫಾಂಟು, ಓದೋಕಾಗಲ್ಲ ಅಂತ ಮೊನ್ನೆ ಗೆಳೆಯರೊಬ್ಬರು ಮೂಗು ಮುರಿದರು. ಒಪ್ಪಲು ಮನಸ್ಸಿಲ್ಲ. ಆದರೆ ಅದಕ್ಕೆ ಇಂಥ ಹೆಸರು ತಂದವರಲ್ಲಿ ನಾನೂ ಒಬ್ಬ.

ಹಿಂದೊಮ್ಮೆ ಒಂದು ಆಹ್ವಾನ ಪತ್ರಿಕೆ ಡಿಸೈನ್ ಮಾಡಿದ್ದೆ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಇಡೀ ಮ್ಯಾಟರ್ ಬೊಡೋನಿಯಲ್ಲಿ, 8 ಪಾಯಿಂಟಿನ ಸಣ್ಣ ಅಳತೆ. ಸ್ಕ್ರೀನ್ ಮೇಲೆ ಝೂಮ್ ಮಾಡಿ ನೋಡಿ ನಾನೇ ಮರುಳಾಗಿದ್ದೆ. ಅಚ್ಚಾಗಿ ಬಂದಾಗ ಇಂಗ್ಲಿಷಿನ ಸಣ್ಣ ‘ಇ’ಗಳ ಅಡ್ಡಗೆರೆ ಮಾಯವಾಗಿ ಅವೆಲ್ಲ ‘ಸಿ’ ಆಗಿದ್ದವು. ‘ಎನ್’ ಅಂತೂ ಎರಡು ಮೊಂಡು ಕಂಬ. ಪ್ರೆಸ್ಸಿನವರ ಮೇಲೆ ರೇಗಾಡಿದೆ. ತಪ್ಪು ನನ್ನದೇ: ಆ ಕಪ್ಪನ್ನು ನಾಲ್ಕೂ ಬಣ್ಣ ಬೆರೆಸಿ ಮಾಡಿದ್ದೆ. ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚಿನ ಪ್ಲೇಟು; ಅದರಲ್ಲೊಂದು ತುಸು ಜರುಗಿದರೂ ಕೂದಲೆಳೆಯಂಥ ಗೆರೆಯೊಳಗೆ ಶಾಯಿ ನುಗ್ಗುತ್ತದೆ.

ಮೊನಚು ನಿಬ್ಬನ್ನು ಒತ್ತಿದರೆ ದಪ್ಪ, ಸಡಿಲ ಬಿಟ್ಟರೆ ಎಳೆ. ಬೊಡೋನಿಯಂಥ ಅಕ್ಷರಗಳ ಜೀವ ಇರುವುದು ಈ ದಪ್ಪ-ತೆಳುವಿನಲ್ಲಿ. ಅಷ್ಟು ನಾಜೂಕು ಅಚ್ಚಿನಲ್ಲಿ ಉಳಿಯಬೇಕಾದರೆ ಕಾಗದವೂ ಶಾಯಿಯೂ ಸುಧಾರಿಸಬೇಕಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಮುದ್ರಕ ಜಾನ್ ಬಾಸ್ಕರ್‌ವಿಲ್ ಅದಕ್ಕೇ ಒದ್ದಾಡಿದ. 1757ರಲ್ಲಿ ಅವನು ಅಚ್ಚು ಹಾಕಿದ, ರೋಮನ್ ಕವಿ ವರ್ಜಿಲನ ಕಾವ್ಯದ ಪುಸ್ತಕ ಹೆಸರುವಾಸಿ. ಅವನ ಅಕ್ಷರ ಕಣ್ಣು ಕೆಡಿಸುತ್ತದೆ ಎಂದು ಜನ ಆಗಲೇ ದೂರುತ್ತಿದ್ದರು. ಹಾಗೆ ದೂರಿದ ಒಬ್ಬನಿಗೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ಕ್ಯಾಸ್ಲನ್ ಎಂಬ ಬೇರೊಬ್ಬ ಅಕ್ಷರ ತಯಾರಕನ ಮಾದರಿ ಹಾಳೆಯಿಂದ ಹೆಸರಿನ ಭಾಗ ಹರಿದು, ಇದು ಬಾಸ್ಕರ್‌ವಿಲ್‌ದು ಅಂತ ತೋರಿಸಿದನಂತೆ. ಆಸಾಮಿ ಅದರಲ್ಲೂ ಸಾಲುಸಾಲು ತಪ್ಪು ಹುಡುಕಿದ! (ನಮ್ಮ ಗೆಳೆಯರ ಮೇಲೆ ಇದನ್ನು ಪ್ರಯೋಗಿಸುವ ಆಸೆಯಿದೆ.)

ಆಮೇಲೆ ಪ್ಯಾರಿಸ್ಸಿನಲ್ಲಿ ಫರ್ಮಿನ್ ದಿದೊ, ಇಟಲಿಯ ಪಾರ್ಮಾದಲ್ಲಿ ಈ ಫಾಂಟಿಗೆ ಹೆಸರು ಕೊಟ್ಟ ಜಾಂಬತ್ತಿಸ್ತ ಬೊಡೋನಿ ಈ ದಾರಿಯನ್ನು ಕೊನೆ ಮುಟ್ಟಿಸಿದರು. ಅಕ್ಷರ ನೆಟ್ಟಗೆ ನಿಂತಿತು, ಸೆರಿಫ್, ಅಂದರೆ ಅಕ್ಷರದ ತುದಿಯ ಪುಟ್ಟ ಅಡ್ಡಪಟ್ಟಿ, ಒಂದು ತೆಳು ಗೀಟಾಯಿತು ಅಷ್ಟೇ. ಆದರೆ ಅವರ ಕಾಲದಲ್ಲಿ ಪ್ರತಿಯೊಂದು ಅಳತೆಗೂ ಅಚ್ಚುಮೊಳೆ ಬೇರೆಯೇ ಕೊರೆಯಬೇಕಿತ್ತು. ಸಣ್ಣ ಅಳತೆಗೆ ಎಳೆಯನ್ನು ಕೊಂಚ ದಪ್ಪ ಮಾಡಿ, ಒಳಜಾಗ ಬಿಡಿಸಿ ಕೊರೆಯಲು ಕೈಗೆ ಅವಕಾಶವಿತ್ತು. ಎಡವಿದವರು ನಾವು. ತಲೆಬರಹಕ್ಕೆಂದು ಬರೆದ ಒಂದೇ ರೂಪವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಕುಗ್ಗಿಸಿ ಎಲ್ಲ ಕಡೆ ತುರುಕುತ್ತೇವೆ. ಇದೇ ಜಾತಿಯ ಇನ್ನೊಂದು ಫಾಂಟು ‘ಪ್ಲೇಫೇರ್ ಡಿಸ್‌ಪ್ಲೇ’; ಡಿಸ್‌ಪ್ಲೇ, ಅಂದರೆ ದೊಡ್ಡ ತಲೆಬರಹಕ್ಕೆ ಅಂತ ಹೆಸರಲ್ಲೇ ಬರೆದಿದ್ದರೂ ಪುಟಗಟ್ಟಲೆ ಗದ್ಯ ಅದರಲ್ಲೇ!

ಐಟಿಸಿ ಎಂಬ ಫಾಂಟು ಕಂಪನಿಯ 1994ರ ಬೊಡೋನಿ ನೋಡಿ: 6, 12, 72 ಪಾಯಿಂಟಿಗೆ ಮೂರು ಬೇರೆ ರೂಪ. ಆರರದನ್ನು ದೊಡ್ಡದು ಮಾಡಿ ಎಪ್ಪತ್ತೆರಡರ ಪಕ್ಕ ಇಟ್ಟರೆ ಹಳ್ಳಿಯ ಅಣ್ಣ, ಪಟ್ಟಣದ ತಮ್ಮನ ಹಾಗೆ. ಈಗ ಒಂದೇ ಫೈಲಿನಲ್ಲಿ ಹಲವು ರೂಪ ಅಡಗಿರುವ ವೇರಿಯಬಲ್ ಫಾಂಟಿನಲ್ಲಿ ಅಳತೆಗೆ ತಕ್ಕಂತೆ ಎಳೆಯ ದಪ್ಪ ತಾನಾಗಿ ಬದಲಾಗುವ ಸೌಕರ್ಯವೂ ಇದೆ. ‘ಬೊಡೋನಿ ಮೋಡಾ’ ಎಂಬ ಫಾಂಟು ಅಂಥದ್ದು, ಪುಕ್ಕಟೆ.

ಈಗ ನಾನು ಬೊಡೋನಿಯನ್ನು ದೊಡ್ಡ ತಲೆಬರಹಕ್ಕೆ, ಸುತ್ತ ಧಾರಾಳ ಖಾಲಿ ಬಿಟ್ಟು ಮಾತ್ರ ಬಳಸುತ್ತೇನೆ. ಆ ಆಹ್ವಾನ ಪತ್ರಿಕೆಯ ಒಂದು ಪ್ರತಿ ಮೇಜಿನ ಡ್ರಾಯರಿನಲ್ಲಿದೆ. ಸಮಾರಂಭ ಎಷ್ಟು ಗಂಟೆಗಿತ್ತು ಅಂತ ಇವತ್ತಿಗೂ ಅದನ್ನು ನೋಡಿ ಹೇಳಲಾರೆ.