ಚಿತ್ರದಲ್ಲಿರುವುದು ಡುಬ್ಬದ ಮಹಶೀರ್ ಅಲ್ಲ

ಕಾವೇರಿಯಲ್ಲಿ ಗಾಳಕ್ಕೆ ಸಿಕ್ಕ, ನಿಮ್ಮ ಲೇಖನದ ಚಿತ್ರದಲ್ಲಿರುವ ಮೀನನ್ನು ‘ಡುಬ್ಬದ ಮಹಶೀರ್’ ಎಂದು ಬರೆದಿದ್ದೀರಿ. ಬಾಲ, ರೆಕ್ಕೆ ನೋಡಿ: ನೀಲಿ ಛಾಯೆಯ ಬೂದು ಬಣ್ಣ. ಹಾಗಾಗಿ ಇದು ನೀಲಿರೆಕ್ಕೆಯ ಮಹಶೀರ್, ವೈಜ್ಞಾನಿಕ ಹೆಸರು ಟಾರ್ ಖುದ್ರಿ. ಡುಬ್ಬದ್ದು ಟಾರ್ ರೆಮಾದೇವಿ. ಅದರ ರೆಕ್ಕೆಗಳು ಕೇಸರಿ, ತುದಿಯಲ್ಲಿ ಕಪ್ಪು. ಬೆನ್ನು ತಲೆಯ ಹಿಂದಿನಿಂದಲೇ ಎದ್ದು ಬೆನ್ನುರೆಕ್ಕೆಯವರೆಗೆ ಏರುತ್ತದೆ. ಚೆನ್ನಾಗಿ ಮೇದ ನೀಲಿರೆಕ್ಕೆಯ ಬೆನ್ನೂ ಉಬ್ಬಿ ಕಾಣುವುದರಿಂದಲೇ ಎಡವಟ್ಟಾಗುವುದು. ಹುರುಪೆ ಎಣಿಸಿಯೂ ಪ್ರಯೋಜನ ಕಡಿಮೆ, ಎರಡರಲ್ಲೂ ಸಂಖ್ಯೆ ಹತ್ತಿರ ಹತ್ತಿರ. ಮೊದಲು ಬಣ್ಣ ನೋಡಿ, ಆಮೇಲೆ ಬೆನ್ನಿನ ಆಕಾರ.

ದಯವಿಟ್ಟು ಕಿವಿರಿಗೆ ಬೆರಳು ಹಾಕಿ ನೇತಾಡಿಸಬೇಡಿ. ಕೈ ಒದ್ದೆ ಮಾಡಿಕೊಂಡು, ಮೀನು ನೀರಲ್ಲಿರುವಾಗಲೇ ರೆಕ್ಕೆ ಬಿಚ್ಚಿ ಪಕ್ಕದಿಂದ ಒಂದು ಫೋಟೊ ತೆಗೆದು ಬಿಟ್ಟುಬಿಡಿ. 2018ರಿಂದ ಡುಬ್ಬದ ಮಹಶೀರ್ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ತಪ್ಪು ಹೆಸರು ಹಾಕಿದರೆ ಅದು ಇನ್ನೂ ಬೇಕಾದಷ್ಟಿದೆ ಅಂತ ಜನ ನಂಬುತ್ತಾರೆ. ಶೀರ್ಷಿಕೆ ತಿದ್ದಿ.