ದೊಡ್ಡ ಸಂಸ್ಥೆಗಳೇ, ಸಣ್ಣ ಸಂಘಗಳ ಜೊತೆ ಕೂತು ಲೆಕ್ಕ ಬರೆಸಿ

ನಮ್ಮ ರಾಜ್ಯದ ದೊಡ್ಡ ಸ್ವಯಂಸೇವಾ ಸಂಸ್ಥೆಗಳಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಅಕೌಂಟ್ಸ್ ವಿಭಾಗದ ಒಬ್ಬರನ್ನು ತಿಂಗಳಿಗೆ ಒಂದೆರಡು ದಿನ ಅಕ್ಕಪಕ್ಕದ ತಾಲ್ಲೂಕಿನ ಸಣ್ಣ ಸಂಘಗಳ ಹತ್ತಿರ ಕಳಿಸಿ. ಸೆಮಿನಾರ್ ಬೇಡ, ಪಿಪಿಟಿ ಬೇಡ. ಅವರ ರಸೀದಿ ಪುಸ್ತಕ, ಪಾಸ್‌ಬುಕ್ ಮುಂದಿಟ್ಟುಕೊಂಡು ಕೂತರೆ ಸಾಕು.

ಸಣ್ಣ ಟ್ರಸ್ಟ್‌ಗಳ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಹಾಗಾಗಿ ಈ ಮಾತು ಹೊಟ್ಟೆಯೊಳಗಿಂದ ಬರುತ್ತಿದೆ.

2020ರ ಹಣಕಾಸು ಕಾಯ್ದೆ ಬರುವ ತನಕ 12ಎ ನೋಂದಣಿ, ಅಂದರೆ ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ, ಒಮ್ಮೆ ಸಿಕ್ಕರೆ ಮುಗಿಯಿತು. ಆ ಕಾಗದಕ್ಕೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದವರಿದ್ದಾರೆ. ಆಮೇಲೆ ಹಳೆಯ ಟ್ರಸ್ಟ್‌ಗಳೂ ಹೊಸದಾಗಿ ಅರ್ಜಿ ಹಾಕಬೇಕಾಯಿತು, ಐದು ವರ್ಷಕ್ಕೊಮ್ಮೆ ನವೀಕರಣವೂ ಬಂತು. ಅರ್ಜಿಯ ಗಡುವು ಮುಂದಕ್ಕೆ ಹೋಗಿ ಹೋಗಿ 2024ರ ಜೂನ್ 30ಕ್ಕೆ ನಿಂತಿತು. ಗಡುವು ತಪ್ಪಿದರೆ ಏನಾಗುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತೇ ಇಲ್ಲ. 2023ರ ತಿದ್ದುಪಡಿಯ ಪ್ರಕಾರ ಟ್ರಸ್ಟಿನ ಆಸ್ತಿಯ ಮಾರುಕಟ್ಟೆ ಬೆಲೆಯಲ್ಲಿ ಸಾಲ ಕಳೆದು ಉಳಿದಿದ್ದಕ್ಕೆಲ್ಲ ಗರಿಷ್ಠ ದರದಲ್ಲಿ ತೆರಿಗೆ ಬೀಳಬಹುದು. ಊರವರು ದಾನ ಕೊಟ್ಟ ನಿವೇಶನದಲ್ಲಿ ಅಂಗನವಾಡಿಯಂಥದ್ದೊಂದು ನಡೆಸುವವರು ಇದನ್ನು ಎಲ್ಲಿಂದ ಕಟ್ಟಬೇಕು?

ಈಗ 2025ರ ಹೊಸ ಆದಾಯ ತೆರಿಗೆ ಕಾಯ್ದೆ. 2026ರ ಏಪ್ರಿಲ್ 1ರಿಂದ ಜಾರಿ. ಲಾಭರಹಿತ ಸಂಸ್ಥೆಗಳ ನಿಯಮಗಳನ್ನೆಲ್ಲ 332ನೇ ಸೆಕ್ಷನ್‌ನಿಂದ ಒಂದೇ ಕಡೆ ತಂದಿದ್ದಾರೆ. ಅದು ಒಳ್ಳೆಯದೇ. ಆದರೆ 12ಎ, ಅದರ ಬದಲು ಬಂದ 12ಎಬಿ ಎಂದು ಬಾಯಿಪಾಠ ಮಾಡಿಕೊಂಡಿದ್ದ ಕಾರ್ಯದರ್ಶಿ ಮತ್ತೆ ಮೊದಲಿಂದ ಕಲಿಯಬೇಕು.

ಒಂದು ರಸೀದಿ ಪುಸ್ತಕ ತೆರೆದು ನೋಡಿ. '501, ಗೌಡರ ಮನೆ.' '1,001, ಹಿತೈಷಿಗಳು.' '2,000, ಮಾಸ್ತರರ ಮಗಳು, ದುಬೈ.' ಊರಲ್ಲಿ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಇಲ್ಲ, ಯಾರನ್ನು ಕೇಳಿದರೂ ಯಾರು ಕೊಟ್ಟಿದ್ದು ಅಂತ ಹೇಳುತ್ತಾರೆ. ಆದರೆ ಕೊಟ್ಟ ದಾನಕ್ಕೆ ದಾನಿಗೆ ತೆರಿಗೆ ವಿನಾಯಿತಿ (ಹಳೆಯ ಕಾಯ್ದೆಯ 80ಜಿ) ಸಿಗಬೇಕಾದರೆ ಪ್ಯಾನ್ ಅಥವಾ ಆಧಾರ್‌ನಂಥ ಗುರುತಿನ ನಂಬರ್, ವಿಳಾಸ, ಹಣ ಬಂದ ಬಗೆ ಎಲ್ಲವನ್ನೂ ಮೇ 31ರೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು ಎಂಬ ನಿಯಮ 2021ರಿಂದ ಬಂದಿದೆ. ತಡವಾದರೆ ದಿನಕ್ಕೆ 200 ರೂಪಾಯಿ. ಲಾಗಿನ್ ಮಾಡೋಣ ಅಂದರೆ ಓಟಿಪಿ ಹೋಗುವುದು ಹಿಂದೆ ಯಾವತ್ತೋ ಇದ್ದ ಆಡಿಟರ್ ಕಚೇರಿಯ ಹುಡುಗನ ಮೊಬೈಲ್‌ಗೆ. ಅವನು ಕೆಲಸ ಬಿಟ್ಟಾಗಿದೆ. ಇದು ಒಂದು ಟ್ರಸ್ಟಿನ ಕಥೆ ಅಲ್ಲ, ನಾನು ಹೋದಲ್ಲೆಲ್ಲ ಇದೇ.

ಇಂಥ ಸಂಘಕ್ಕೆ ಬೇಕಾಗಿರುವುದು ಪಕ್ಕದಲ್ಲಿ ಕೂತು ಹೇಳಿಕೊಡುವ ಒಬ್ಬರು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) 2020ರ ತಿದ್ದುಪಡಿ ಬರುವ ಮೊದಲು ದೊಡ್ಡ ಸಂಸ್ಥೆಗಳಿಗೂ ಸಣ್ಣವಕ್ಕೂ ಒಂದು ಕೊಂಡಿ ಇತ್ತು. ವಿದೇಶಿ ದೇಣಿಗೆಯ ಒಂದು ಪಾಲು ಸಣ್ಣವರಿಗೆ ಹೋಗುತ್ತಿತ್ತು, ಅದರ ಜೊತೆಗೆ ಲೆಕ್ಕ ಕೇಳುವವರೂ ಕಲಿಸುವವರೂ ಹೋಗುತ್ತಿದ್ದರು. ಎಫ್‌ಸಿಆರ್‌ಎ ತಿದ್ದುಪಡಿ ಆ ಹಣ ದಾಟಿಸುವುದನ್ನು ನಿಲ್ಲಿಸಿತು. ಆಡಳಿತ ವೆಚ್ಚದ ಮಿತಿಯನ್ನೂ ಶೇ. 50ರಿಂದ 20ಕ್ಕೆ ಇಳಿಸಿತು. ಹಣದ ಜೊತೆ ಕಲಿಸುವವರು ಬರುವುದೂ ನಿಂತಿತು. ಆದರೆ ಹಣ ದಾಟಿಸಬಾರದು ಎಂದ ಕಾನೂನು, ಕೆಲಸ ಕಲಿಸಬೇಡಿ ಅಂತ ಎಲ್ಲೂ ಹೇಳಿಲ್ಲ ಅಲ್ವಾ?

ದೆಹಲಿಯಲ್ಲಿ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟವಾದ ವಾಣಿ, ಮುಂಬೈನಲ್ಲಿ ಸೆಂಟರ್ ಫಾರ್ ಅಡ್ವಾನ್ಸ್‌ಮೆಂಟ್ ಆಫ್ ಫಿಲಾಂತ್ರಪಿ ಈ ಕಾನೂನುಗಳನ್ನು ಬಿಡಿಸಿ ಹೇಳುವ ಕೆಲಸವನ್ನು ಬಹಳ ವರ್ಷದಿಂದ ಮಾಡುತ್ತಿವೆ. ನಮ್ಮಲ್ಲೂ ಫೆವಾರ್ಡ್-ಕೆ ಅಂಥ ಒಕ್ಕೂಟ ಇದೆ. ಆದರೆ ನಾನು ಹೋಗುವ ಊರುಗಳಿಗೆ ಇದ್ಯಾವುದೂ ಕನ್ನಡದಲ್ಲಿ, ಓದಿದ ಕೂಡಲೇ ಅರ್ಥವಾಗುವ ಹಾಗೆ ತಲುಪುತ್ತಿಲ್ಲ. ನಾಲ್ಕೈದು ಸಂಘ ಸೇರಿ ಒಬ್ಬ ಅಕೌಂಟೆಂಟ್‌ಗೆ ಸಂಬಳ ಕೊಡಬಹುದು. ಯಾವ ತಿಂಗಳು ಏನು ಸಲ್ಲಿಸಬೇಕು ಅಂತ ಕನ್ನಡದಲ್ಲಿ ಒಂದು ಕ್ಯಾಲೆಂಡರ್ ಗೋಡೆಗೆ ಹಚ್ಚಬಹುದು. ಓಟಿಪಿ ಯಾರ ಮೊಬೈಲ್‌ಗೆ ಹೋಗಬೇಕು ಅಂತ ಸಭೆಯ ನಡಾವಳಿಯಲ್ಲೇ ಬರೆಸಬಹುದು. ಇದಕ್ಕೆಲ್ಲ ದೊಡ್ಡ ಯೋಜನೆ ಏನೂ ಬೇಡ.

ಕೆಲವು ಗೆಳೆಯರು ಕೇಳುತ್ತಾರೆ: ನಮ್ಮನ್ನು ಹಿಡಿತದಲ್ಲಿಡಲು ಬಂದ ಕಾನೂನನ್ನು ನಾವೇ ಮುಂದೆ ನಿಂತು ಜಾರಿ ಮಾಡಬೇಕಾ? ಅವರ ಸಿಟ್ಟು ಸುಳ್ಳಲ್ಲ. ಎಫ್‌ಸಿಆರ್‌ಎ ವಿಷಯದಲ್ಲಿ ನನಗೂ ಅದೇ ಸಿಟ್ಟಿದೆ. ಕಾನೂನನ್ನು ವಿರೋಧಿಸಿ, ಕೋರ್ಟಿಗೆ ಹೋಗಿ, ಮನವಿ ಕೊಡಿ. ಆದರೆ ನೀವು ಬಡಿದಾಡುತ್ತಿರುವ ವರ್ಷಗಳಲ್ಲಿ ನಿಮ್ಮ ಫೈಲು ನೋಡಿಕೊಳ್ಳಲು ವಕೀಲರಿದ್ದಾರೆ. ಆ ರಸೀದಿ ಪುಸ್ತಕದ ಟ್ರಸ್ಟಿಗೆ ಯಾರಿದ್ದಾರೆ?

ಇನ್ನೊಂದು ಲಾಭವೂ ಇದೆ, ನನಗೆ ಇದೇ ಜಾಸ್ತಿ ಮುಖ್ಯ. 2025ರ ಬಜೆಟ್ಟಿನಲ್ಲಿ ವರ್ಷಕ್ಕೆ ಐದು ಕೋಟಿ ಮೀರದ ಆದಾಯದ ಟ್ರಸ್ಟ್‌ಗಳಿಗೆ ನೋಂದಣಿಯ ಅವಧಿಯನ್ನು ಐದರಿಂದ ಹತ್ತು ವರ್ಷಕ್ಕೆ ಏರಿಸಿದರು. ಸಣ್ಣವರ ಹೊರೆ ಇಳಿಸಲು ಅಂತ ಸರ್ಕಾರವೇ ಹೇಳಿತು. ಅಂದರೆ ನಿಯಮ ಬದಲಾಗುತ್ತದೆ. ಸಣ್ಣ ಸಂಘಗಳ ಜೊತೆ ಕೂತು ಫಾರ್ಮ್ ತುಂಬಿಸಿದರೆ, ಯಾವ ಕಾಲಂನಲ್ಲಿ ಎಷ್ಟು ಸಂಘಗಳು ಎಡವಿದವು, ಯಾಕೆ ಎಡವಿದವು ಎಂಬುದು ನಮ್ಮ ಕೈಯಲ್ಲೇ ಇರುತ್ತದೆ. ದೆಹಲಿಗೆ ಅದನ್ನು ಹಿಡಿದುಕೊಂಡು ಹೋಗೋಣ. 'ತೊಂದರೆಯಾಗುತ್ತಿದೆ' ಎಂದು ಸುಮ್ನೆ ಹೇಳಿದರೆ ಯಾರೂ ಕೇಳುವುದಿಲ್ಲ.

ಮುಂದಿನ ಮೇ ತಿಂಗಳಿಗೆ ಮೊದಲು ಒಂದೇ ಒಂದು ತಾಲ್ಲೂಕಿನಲ್ಲಾದರೂ ಹೀಗೆ ಕೂರಬೇಕು ಅಂತಿದ್ದೇನೆ. ಲೆಕ್ಕ ಗೊತ್ತಿರುವವರು, ಶನಿವಾರ ಬಿಡುವಿರುವವರು, ಸಂಘದ ಹಾಲ್ ಬಿಟ್ಟುಕೊಡಬಲ್ಲವರು ನನಗೆ ಬರೆಯಿರಿ.